ಗೋಕರ್ಣ ರೋಡಿನಲ್ಲಿ ಒಂದು ಬೋರ್ಡು ಹಾಕಿ

ಮಾನ್ಯರೆ,

ಶಿವರಾತ್ರಿ ತೇರಿನ ಗದ್ದಲ ಮುಗಿಯಲಿ ಅಂತ ಕಾದು, ಮಾರ್ಚ್ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಮೊದಲ ಸಲ ಗೋಕರ್ಣಕ್ಕೆ ಹೋಗಿದ್ದೆವು. ಕೈಯಲ್ಲಿದ್ದದ್ದು ಎರಡೇ ದಿನ. ಹಾಸನದಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಗೋಕರ್ಣ ರೋಡ್‌ ನಿಲ್ದಾಣದಲ್ಲಿ ಇಳಿದೆವು. ಹೆಸರಿನಲ್ಲಿರುವ ಆ ‘ರೋಡ್’ ಎಷ್ಟು ಉದ್ದ ಅಂತ ಗೊತ್ತಾಗಿದ್ದು ಆಮೇಲೆ. ಊರು ಅಲ್ಲಿಂದ ಸುಮಾರು 10 ಕಿ.ಮೀ.! ಬಸ್ಸು ಯಾವಾಗ, ಆಟೊಗೆ ಎಷ್ಟು ಎಂದು ತಿಳಿಸುವ ಬೋರ್ಡು ನಮಗೆಲ್ಲೂ ಕಾಣಲಿಲ್ಲ. ಕೇಳಿದಷ್ಟು ಕೊಟ್ಟೆವು.

ರೂಮು ಹುಡುಕಿ, ಸ್ನಾನ ಮುಗಿಸಿ ಹೋಗುವಷ್ಟರಲ್ಲಿ ಮಹಾಬಲೇಶ್ವರನ ಗುಡಿಗೆ ಮಧ್ಯಾಹ್ನದ ಬಾಗಿಲು ಹಾಕಿತ್ತು. ಪ್ಯಾಂಟು ತೊಟ್ಟಿದ್ದ ನನ್ನನ್ನು ನೋಡಿ ಹೂವಿನ ಅಂಗಡಿಯಾಕೆ, ‘ಸಂಜೆ ಪಂಚೆ ಉಟ್ಟು ಬನ್ನಿ’ ಎಂದರು. ಹೊಸದೊಂದು ಪಂಚೆ ಕೊಂಡೆ. ಮನೆಯಲ್ಲಿ ಆರು ಇವೆ, ಆ ಮಾತು ಬೇರೆ.

ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡ ಹತ್ತಿಳಿಯುವ ಕಾಲುದಾರಿ. ಮಂಡಿನೋವಿನ ನನ್ನ ಹೆಂಡತಿ ಅರ್ಧದಲ್ಲೇ ಕೂತಳು. ಓಂ ಬೀಚಿನ ತನಕ ಆಟೊ ಹೋಗುತ್ತದೆ ಎಂದು ತಿಳಿದಿದ್ದು ಮಾರನೇ ದಿನ.

ನಮಗೆ ಜಾಸ್ತಿ ಹಿಡಿಸಿದ್ದು ಸಾಣಿಕಟ್ಟೆಯ ಉಪ್ಪಿನಾಗರ. ಬಿಸಿಲಲ್ಲಿ ಬೆಳ್ಳಗೆ ರಾಶಿ ಬಿದ್ದ ಉಪ್ಪು ನೋಡುತ್ತಾ ಒಂದು ಗಂಟೆ ಸುಮ್ನೆ ನಿಂತಿದ್ದೆವು. ಅದನ್ನೂ ಹೇಳಿದ್ದು ಚಹಾ ಅಂಗಡಿಯವರೇ.

ದೊಡ್ಡ ಖರ್ಚೇನೂ ಬೇಡ. ಬಸ್ಸಿನ ವೇಳೆ, ಆಟೊ ದರ, ದರ್ಶನದ ಸಮಯ, ಬೀಚುಗಳ ದಾರಿ ಬರೆದ ಒಂದು ಕನ್ನಡ ಬೋರ್ಡನ್ನು ನಿಲ್ದಾಣದಲ್ಲಿ ಹಾಕಿಸಬಹುದಲ್ವಾ?

– ನಿವೃತ್ತ ಶಿಕ್ಷಕ, ಹಾಸನ