ಜ್ವಾರಿ ಘಾಟಿಯ ಈಚೆ, ಆಚೆ: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನ ಫೈಲಿನಲ್ಲಿ, ನೀಟ್ ಅಂಕಪಟ್ಟಿಯ ಹಿಂದೆ ಈ ಕಾಗದ ಸಿಗಿಸಿದ್ದೇನೆ. ಎಂಬಿಬಿಎಸ್‌ಗೆ ಜಾರ್ಜಿಯಾಕ್ಕೆ ಹೊರಟಿರುವ ನೀನು ಅತ್ತೆಯರ ಎದುರಿಗೆ "ಯುರೋಪಿಗೆ ಓದಕ್ಕೆ ಹೋಗ್ತಿದ್ದೀನಿ" ಅಂದಾಗ ನಾನು "ಜಾರ್ಜಿಯಾ ಏಷ್ಯಾ ಕಣೇ" ಅಂದೆ. ಅಷ್ಟು ಜನರ ಮುಂದೆ ಅನ್ನಬಾರದಿತ್ತು, ಬೇಜಾರು ಮಾಡಿಕೊಳ್ಳಬೇಡ. ಆದರೆ ಮಾತು ಅರ್ಧಕ್ಕೇ ನಿಂತಿದೆ. ಅದನ್ನು ಮುಗಿಸದೆ ನಿನ್ನನ್ನು ವಿಮಾನ ಹತ್ತಿಸಲು ನನಗೆ ಮನಸ್ಸಿಲ್ಲ.

ಏಷ್ಯಾ, ಯುರೋಪ್ ನಡುವಿನ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆದಿದ್ದಾರೆ. ಹೆರೊಡೋಟಸ್‌ನ ಕಾಲದಲ್ಲಿ ಫಾಸಿಸ್ ನದಿಯೇ ಗಡಿ ಎನ್ನುವವರಿದ್ದರು. ಈಗ ಅದರ ಹೆಸರು ರಿಯೋನಿ. ಕುತೈಸಿ ಊರಿನ ನಡುವೆ ಹರಿದು, ಪೋತಿಯ ಹತ್ತಿರ ಕಪ್ಪು ಸಮುದ್ರ ಸೇರುತ್ತದೆ. ಆ ಲೆಕ್ಕ ಹಿಡಿದರೆ ಕುತೈಸಿಯವರು ಸೇತುವೆ ದಾಟಿ ತರಕಾರಿ ತಂದರೂ ಖಂಡ ಬದಲಾದಂತೆ. ಇನ್ನೊಂದು ಗೆರೆ ಕಾಕಸಸ್ ಪರ್ವತಗಳಿಗಿಂತ ಉತ್ತರದ ಕುಮಾ-ಮಾನಿಚ್ ತಗ್ಗಿನಲ್ಲಿ ಹೋಗುತ್ತದೆ. ಅದನ್ನು ಒಪ್ಪಿದರೆ ಜಾರ್ಜಿಯಾ ಪೂರ್ತಿ ಏಷ್ಯಾ, ರಷ್ಯಾದ ಎಲ್ಬ್ರುಸ್ ಶಿಖರವೂ ಏಷ್ಯಾ. ಮೂರನೆಯದು ಮಹಾ ಕಾಕಸಸ್‌ನ ನೆತ್ತಿಯ ಮೇಲೆ, ಮಳೆನೀರು ಇಬ್ಭಾಗವಾಗುವ ಏಣಿನ ಗುಂಟ. 5,642 ಮೀಟರಿನ ಎಲ್ಬ್ರುಸ್ ಅನ್ನು ಯುರೋಪಿನ ಅತಿ ಎತ್ತರದ ಶಿಖರ ಅನ್ನುವುದು ಈ ಗೆರೆಯ ಮೇಲೆಯೇ.

ಇದರಲ್ಲೊಂದು ತಮಾಷೆಯಿದೆ. ಜಾರ್ಜಿಯಾದ ಗಡಿ ಎಲ್ಲ ಕಡೆಯೂ ಆ ಏಣನ್ನೇ ಹಿಡಿದು ಹೋಗುವುದಿಲ್ಲ. ಖೇವಿ, ತುಷೇತಿ ಸೀಮೆಗಳು, ಖೆವ್ಸುರೇತಿಯ ಶಾತಿಲಿ ಊರು ಇವೆಲ್ಲ ಉತ್ತರದ ಇಳಿಜಾರಿನಲ್ಲಿವೆ. ಅಂದರೆ ಈ ಮೂರನೆಯ ಗೆರೆಯ ಲೆಕ್ಕದಲ್ಲಿ ರಾಜಧಾನಿ ಟಿಬಿಲಿಸಿ ಏಷ್ಯಾ. ಅಲ್ಲಿಂದ ಉತ್ತರಕ್ಕೆ ಹೋಗಿ ಜ್ವಾರಿ ಘಾಟಿ ದಾಟಿದರೆ ಯುರೋಪ್. ಬ್ರಸೆಲ್ಸ್ ಕಡೆ ಮುಖ ಮಾಡಿ ನಿಂತ ಜನಕ್ಕೆ ಭೂಗೋಳದ ಯುರೋಪ್ ಸಿಗುವುದು ಮಾಸ್ಕೋದ ದಾರಿಯಲ್ಲಿ!

ಸೀನಿಯರ್‌ಗಳ ಜೊತೆ ನೀನು ಆ ದಾರಿಯಲ್ಲಿ ಕಜ್ಬೇಗಿಗೆ ಹೋಗಿಯೇ ಹೋಗುತ್ತೀಯ, ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ಕೇಳು. ಟಿಬಿಲಿಸಿಯಿಂದ ಸ್ತೆಪಾಂತ್ಸ್ಮಿಂದಾಕ್ಕೆ (ಕಜ್ಬೇಗಿ ಅನ್ನುವುದು ಅದನ್ನೇ) ಸುಮಾರು 150 ಕಿಲೋಮೀಟರು. ಅನಾನುರಿ ಕೋಟೆಯವರೆಗೆ ಹೆದರಿಕೆಯಿಲ್ಲ. ಮ್ಲೇತಾದಲ್ಲಿ ಹೇರ್‌ಪಿನ್ ತಿರುವುಗಳು ಶುರುವಾಗಿ, 2,200 ಮೀಟರಿನ ಗುಡೌರಿಗೆ ಹತ್ತಿಸುತ್ತವೆ. ಘಾಟಿ 2,379 ಮೀಟರಿನಲ್ಲಿದೆ. ಗುಡೌರಿಯಿಂದ ಕೋಬಿಯವರೆಗಿನ ತುಂಡೇ ನನ್ನ ತಲೆನೋವು. ಅಲ್ಲಿ ರಸ್ತೆಯ ಪಕ್ಕಕ್ಕೆ ಹಿಮಕುಸಿತದಿಂದ ಕಾಪಾಡಲು ಕಟ್ಟಿದ ಹಳೆಯ ಗ್ಯಾಲರಿಗಳಿವೆ: ಇಕ್ಕಟ್ಟು, ಕತ್ತಲು, ಒಳಗೆಲ್ಲ ಗುಂಡಿ. ಬೇಸಿಗೆಯಲ್ಲಿ ಬಿಸಿಲು, ನೊಣದ ಕಾಟಕ್ಕೆ ಹಸುಗಳು ಒಳಗೆ ಬಂದು ನಿಂತಿರುತ್ತವೆ. ರಷ್ಯಾಕ್ಕೆ ಹೋಗುವ ಲಾರಿಗಳಿಗೂ ಇದೇ ದಾರಿ, ಏಕೆಂದರೆ ಅವುಗಳಿಗೆ ಗಡಿ ದಾಟಲು ಲಾರ್ಸಿ ಒಂದೇ ಬಾಗಿಲು.

ಹಿಮ ಜಾರುವುದು ತೀರಾ ಕಡಿದಾದ ಬಂಡೆಯ ಮೇಲಲ್ಲ, ಅಲ್ಲಿ ಹಿಮ ನಿಲ್ಲುವುದೇ ಇಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಹೊಸ ಹಿಮ ದಪ್ಪಗೆ ಬಿದ್ದು, ಗಾಳಿ ಅದನ್ನು ಒಂದೇ ಪಕ್ಕಕ್ಕೆ ಪೇರಿಸಿದಾಗ ಕೆಳಗಿನ ಹಳೆಯ ಪದರಕ್ಕೆ ಅಂಟಿಕೊಳ್ಳುವುದಿಲ್ಲ. ಆಗಲೇ ಅಪಾಯ. ಹಿಮ ನಿಂತ ಮರುದಿನ ಬಿಸಿಲು ಚೆನ್ನಾಗಿದೆ ಅಂತ ಹುಡುಗರು ಹೊರಡುತ್ತಾರೆ; ಆ ದಿನ ಹೋಗಲೇಬಾರದು. ಅಪಾಯ ಕಂಡಾಗ ಮೊದಲು ಟ್ರೇಲರ್ ಲಾರಿಗಳನ್ನು ನಿಲ್ಲಿಸುತ್ತಾರೆ, ಆಮೇಲೆ ಎಲ್ಲ ವಾಹನಗಳನ್ನೂ. ಟ್ರೇಲರ್ ನಿಂತಿದೆ ಎಂದು ಗೊತ್ತಾದ ಕೂಡಲೇ ಗುಡೌರಿಯಿಂದಲೇ ವಾಪಸ್ ಬಾ. ಕ್ವೇಶೇತಿಯಿಂದ ಕೋಬಿಯ ಕಡೆಗೆ ಸುಮಾರು 9 ಕಿಲೋಮೀಟರಿನ ಸುರಂಗ ಕೊರೆದಿದ್ದಾರೆ. ಸಂಚಾರ ಅದರೊಳಗೆ ಹೋದರೆ ನನ್ನ ಎದೆಬಡಿತ ಅರ್ಧ ಕಡಿಮೆ.

ಇಷ್ಟು ಹೊತ್ತು ಘಾಟಿಯದೇ ಆಯಿತು. ಜಾರ್ಜಿಯಾದ ಒಳಗೆ ನಿಜವಾಗಿ ಕಣ್ಣಿಗೆ ಕಾಣುವ ಗೆರೆ ಬೇರೆಯೇ ಇದೆ. ಅದು ಉತ್ತರ-ದಕ್ಷಿಣವಾಗಿ ಅಡ್ಡ ಮಲಗಿದ ಲಿಖಿ ಬೆಟ್ಟಸಾಲು. ನಮ್ಮ ಆಗುಂಬೆಗೂ ಚಳ್ಳಕೆರೆಗೂ ನಡುವೆ ಘಟ್ಟ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಪಶ್ಚಿಮದ ಬತುಮಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ಚಹಾ, ಕಿತ್ತಳೆ. ಪೂರ್ವದ ಟಿಬಿಲಿಸಿಯಲ್ಲಿ 500ರ ಆಸುಪಾಸು, ಆಚೆಗೆ ಕಖೇತಿಯ ದ್ರಾಕ್ಷಿ. ಬತುಮಿಗೆ ಹೋದರೆ ಕೊಡೆ ಬೇಕು, ಟಿಬಿಲಿಸಿಯಲ್ಲಿ ಗಾಳಿ ತಡೆಯುವ ಜಾಕೆಟ್ ಸಾಕು.

ಅಲ್ಲಿನವರು ತಾವು ಯಾರೆಂದು ಹೇಳಿಕೊಳ್ಳುವುದು ಅಟ್ಲಾಸ್ ನೋಡಿ ಅಲ್ಲ. 1999ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಸೇರುವಾಗ ಅವರ ಆಗಿನ ಸಂಸತ್ತಿನ ಅಧ್ಯಕ್ಷ ಜುರಾಬ್ ಜ್ವಾನಿಯಾ ಸ್ಟ್ರಾಸ್‌ಬರ್ಗ್‌ನಲ್ಲಿ, ತಾನು ಜಾರ್ಜಿಯನ್, ಆದ್ದರಿಂದಲೇ ಯುರೋಪಿಯನ್ ಎಂದರು. ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ ಮಾತ್ರ ಈ ದೇಶವನ್ನು ಪಶ್ಚಿಮ ಏಷ್ಯಾದಲ್ಲಿ ಇಟ್ಟಿದೆ. ಫುಟ್‌ಬಾಲ್ ಆಡುವುದು ಯುರೋಪಿನ ಒಕ್ಕೂಟ ಯುಇಎಫ್‌ಎಯಲ್ಲಿ, 2024ರ ಯೂರೋ ಕಪ್‌ನಲ್ಲಿ ಪೋರ್ಚುಗಲ್ಲನ್ನೂ 2-0 ಸೋಲಿಸಿದರು. 2023ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಯೂನಿಯನ್ ಅಭ್ಯರ್ಥಿ ಸ್ಥಾನ ಕೊಟ್ಟಿತು. ಮರುವರ್ಷ ನವೆಂಬರ್ 28ರಂದು ಪ್ರಧಾನಿ ಕೊಬಾಖಿದ್ಜೆ ಸೇರ್ಪಡೆಯ ಮಾತುಕತೆ 2028ರ ಕೊನೆಯವರೆಗೆ ಬೇಡ ಎಂದದ್ದೇ ತಡ, ಟಿಬಿಲಿಸಿಯ ರುಸ್ತಾವೇಲಿ ಬೀದಿ ಪ್ರತಿಭಟನೆಗೆ ಬಂದವರಿಂದ ತುಂಬಿತು. ಇದು ಅವರಿಗೆ ಪರೀಕ್ಷೆಯ ಪ್ರಶ್ನೆಯಲ್ಲ, ಹೊಟ್ಟೆಯ ಮಾತು. ಕ್ಲಾಸಿನಲ್ಲಿ ಯಾರನ್ನೂ "ನೀವು ಏಷ್ಯಾದವರಲ್ಲವಾ" ಎಂದು ಕೆಣಕಬೇಡ. ಬೀದಿಯ ಪ್ರತಿಭಟನೆಗೆ ಕಾಲಿಡಬೇಡ, ವಿಡಿಯೊ ಮಾಡಲೂ ನಿಲ್ಲಬೇಡ. ನೀನು ವೀಸಾ ಮೇಲೆ ಇರುವವಳು.

ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾ 1990ರ ದಶಕದಿಂದಲೇ ಬಹುಪಾಲು, 2008ರ ಯುದ್ಧದ ನಂತರ ಪೂರ್ತಿಯಾಗಿ ಟಿಬಿಲಿಸಿಯ ಕೈ ತಪ್ಪಿವೆ. ರಷ್ಯಾದ ಕಡೆಯಿಂದ ಅವುಗಳೊಳಗೆ ಕಾಲಿಡುವುದು ಜಾರ್ಜಿಯಾದ ಕಾನೂನಿನಲ್ಲಿ ಅಪರಾಧ. ಯಾರು ಕರೆದರೂ ಬೇಡ.

ಇನ್ನು ನಮ್ಮ ಏಜೆಂಟ್ ಕೊಟ್ಟ ಹೊಳೆಯುವ ಕಾಗದದ ವಿಷಯ. "ಯುರೋಪಿನಲ್ಲಿ ಎಂಬಿಬಿಎಸ್" ಎಂಬ ಮಾತಿನಿಂದ ನಿನಗೆ ಏನೂ ಸಿಗುವುದಿಲ್ಲ. 2017ರಿಂದ ಜಾರ್ಜಿಯಾದ ನಾಗರಿಕರು ವೀಸಾ ಇಲ್ಲದೆ ಯುರೋಪಿನ ಷೆಂಗೆನ್ ದೇಶಗಳಿಗೆ ಹೋಗಬಹುದು. ಜಾರ್ಜಿಯಾದ ರೆಸಿಡೆನ್ಸ್ ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟಿನವಳು ನೀನು, ಬೇರೆ ವೀಸಾ ತೆಗೆಯಲೇಬೇಕು. ಆ ಕಾರ್ಡಿನ ಅರ್ಜಿಯನ್ನು ವೀಸಾ ಮುಗಿಯಲು 40 ದಿನ ಉಳಿಯುವ ಮೊದಲೇ ಹಾಕು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಕೇಳುವುದು ಖಂಡವನ್ನಲ್ಲ: ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಅಲ್ಲಿನ ನಾಗರಿಕರಿಗೆ ಸಮನಾಗಿ ವೈದ್ಯಕೀಯ ನಡೆಸಲು ಲೈಸೆನ್ಸ್ ಸಿಗುವ ಪದವಿ. ಪ್ರತಿ ಸೆಮಿಸ್ಟರಿನ ಕಾಗದ ಸಹಿ, ಸೀಲು ಹಾಕಿಸಿ ಆಗಲೇ ಇಟ್ಟುಕೋ. ಆರನೇ ವರ್ಷದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಉಪನ್ಯಾಸವಾಯಿತು ಅಂತ ಮುಖ ಸಿಂಡರಿಸಬೇಡ. ಹೊರಡುವ ಮೊದಲೇ ಅವರ 33 ಅಕ್ಷರ ಕಲಿತು ಅಂಗಡಿ ಬೋರ್ಡಿನ ಫೋಟೊ ಓದುತ್ತೀಯಲ್ಲ, ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಸ್ಟಾಫ್ ರೂಮಿನಲ್ಲಿ ನಾನೂ ಹೇಳಿದ್ದೇನೆ.

ಹುಷಾರು ತಪ್ಪಿದರೆ, ಗಲಾಟೆಯಾದರೆ 112. ಕೋಬಿಯ ಕಡೆಗೆ ಮೇ ಕಳೆದ ಮೇಲೆ ಹೋಗು, ಹಗಲು ಹೊತ್ತಿನಲ್ಲಿ, ಆ ಘಾಟಿಯಲ್ಲಿ ಪಳಗಿದ ಡ್ರೈವರ್ ಜೊತೆ. ಮತ್ತೆ, ಹೋಗುವ ಮುಂಚೆ ನನಗೆ ಹೇಳು, ಹೋಗಿ ಬಂದ ಮೇಲೆ ಫೋಟೊ ಕಳಿಸಿ ಅಲ್ಲ.

ಅಮ್ಮ