ನಡಾವಳಿ ಪುಸ್ತಕ ಉಳಿಸಿಕೊಟ್ಟ ಅಣ್ಣನಿಗೆ

ರಥಬೀದಿಯ ಬೈಂಡಿಂಗ್ ಅಂಗಡಿಯಲ್ಲಿ ನಮ್ಮ ಪಕ್ಕ ನಿಂತಿದ್ದ ಹಿರಿಯರೇ, ನಿಮಗೆ ನಮ್ಮ ಮಹಿಳಾ ಮಂಡಲದ ಧನ್ಯವಾದ. ಹೆಸರು ಕೇಳಿದರೆ "ಅದೆಲ್ಲ ಎಂತಕ್ಕೆ?" ಎಂದು ನಕ್ಕು ಹೋದಿರಿ.

ಮಂಡಲದ ಹಳೆಯ ನಡಾವಳಿ ಪುಸ್ತಕ ಹುಳ ತಿಂದು, ಮಂಗಳೂರಿನ ಮಳೆಗೆ ಮೆತ್ತಗಾಗಿತ್ತು. "ಟೇಪ್ ಹಚ್ಚಬೇಡಿ ಅಕ್ಕ, ಕಾಗದ ಹಳದಿಯಾಗ್ತದೆ" ಎಂದಿರಿ. ಅಂಗಡಿಯವರ ಹತ್ತಿರ ಜಾಗ ಕೇಳಿ ನೀವೇ ಕೂತಿರಿ. ಮೈದಾ ಅಂಟಿಗೆ ಚೂರು ಮೈಲುತುತ್ತು ಬೆರೆಸಿದರೆ ಹುಳ ಹತ್ತಿರ ಬರುವುದಿಲ್ಲ ಎಂದು ಹೇಳಿಕೊಟ್ಟಿರಿ. ಹರಿದ ಹಾಳೆಗೆ ತೆಳು ಕಾಗದ ಅಂಟಿಸಿ, ಒಂದೊಂದು ಮಡಿಕೆಯನ್ನೂ ನೂಲಿನಲ್ಲಿ ಹೊಲಿದಿರಿ. ಅವಸರವೇ ಇಲ್ಲ!

ಈ ಊರಲ್ಲಿ ಹೆಂಗಸರ ಸಂಘಟನೆ ಹೊಸದಲ್ಲ. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವ ರಾಯರು ಪತ್ನಿ ಶಾಂತಾಬಾಯಿಯವರ ಜೊತೆ ಸೇರಿ, ವಿಧವೆಯರಿಗೆ, ಬಡ ಹೆಂಗಸರಿಗೆ ಆಸರೆಯಾಗಲೆಂದು ಮಹಿಳಾ ಸಭಾ ಕಟ್ಟಿದ್ದು ಇಲ್ಲೇ. 1927ರಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನಕ್ಕೆ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯ 1903ರಲ್ಲಿ ಹುಟ್ಟಿದ್ದೂ ಮಂಗಳೂರಿನಲ್ಲೇ. ಅವರ ಕತೆ ಹೇಗೂ ಪುಸ್ತಕಗಳಲ್ಲಿ ಸಿಗುತ್ತದೆ. ಬಾಲವಾಡಿಗೆ ಮುಷ್ಟಿ ಅಕ್ಕಿ ಎತ್ತಿದವರು, ಹೊಲಿಗೆ ಮೆಷಿನ್ ರಿಪೇರಿಗೆ ಚಂದಾ ಕೊಟ್ಟವರು, ಲೆಕ್ಕದಲ್ಲಿ ಎಂಟಾಣೆ ತಪ್ಪಿತೆಂದು ಜಗಳವಾಡಿದವರು (ಆ ಪುಟ ಓದಿ ನೀವೂ ನಕ್ಕಿರಿ, ಅಲ್ವಾ?) ಇರುವುದು ಈ ಒಂದು ಪುಸ್ತಕದಲ್ಲಿ ಮಾತ್ರ.

ದುಡ್ಡು ಬೇಡವೆಂದಿರಿ. ಸರಿ. ತಿಂಗಳ ಸಭೆಗೆ ಒಮ್ಮೆ ಬನ್ನಿ, ಬನ್ಸ್ ಮಾಡಿಟ್ಟಿರುತ್ತೇವೆ. ಇನ್ನೆರಡು ಪುಸ್ತಕ ಕಪಾಟಿನಲ್ಲಿವೆ, ಅಂಟು ಕಲಸುವುದನ್ನು ನಮಗೂ ಸರಿಯಾಗಿ ಕಲಿಸಿಬಿಡಿ.