ಗಾಂಜಾ ಸೇವನೆ ಪ್ರಕರಣಗಳ ಕುರಿತು ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಗಾಂಜಾ ಸೇವನೆ ಪ್ರಕರಣಗಳಲ್ಲಿ ಬಂಧನ, ಮೂತ್ರ ಪರೀಕ್ಷೆ ಹಾಗೂ ಪೊಲೀಸ್ ಶ್ರಮದ ವಿನಿಯೋಗ.

ಮಾನ್ಯರೇ,

ಅನುಮಾನಾಸ್ಪದವಾಗಿ ವರ್ತಿಸುತ್ತಿದ್ದ ಯುವಕನನ್ನು ವಶಕ್ಕೆ ಪಡೆದು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿದಾಗ ಗಾಂಜಾ ಸೇವಿಸಿರುವುದು ದೃಢಪಟ್ಟಿದೆ ಎಂಬ ಒಕ್ಕಣೆಯ ಸುದ್ದಿ ಮಲೆನಾಡು ಮತ್ತು ಕರಾವಳಿಯ ಪತ್ರಿಕೆಗಳ ಓದುಗರಿಗೆ ಚಿರಪರಿಚಿತ. ಎಷ್ಟೋ ಸಲ ಠಾಣೆಯ ಪ್ರಕಟಣೆಯೇ ಆ ಯುವಕನ ಹೆಸರು, ವಯಸ್ಸು, ಬಡಾವಣೆಯ ಸಮೇತ ಅಚ್ಚಾಗುತ್ತದೆ. ಅವನ ಬಳಿ ಗಾಂಜಾ ಸಿಕ್ಕಿತೇ, ಅವನು ಯಾರಿಗಾದರೂ ಮಾರಿದನೇ, ದಾರಿಹೋಕರಿಗೆ ತೊಂದರೆ ಕೊಟ್ಟನೇ ಎಂಬ ವಿವರ ಅದರಲ್ಲಿ ಇರುವುದು ಅಪರೂಪ. ಇಂಥ ಪ್ರಕರಣಗಳಲ್ಲಿ ಕಾನೂನು ನೆರವಿನ ವಕೀಲನಾಗಿ ಹಾಜರಾಗುವವನು ನಾನು. ಕಾಯ್ದೆಯನ್ನು ತಿದ್ದಿ ಎಂದು ತಮ್ಮಲ್ಲಿ ಕೇಳಲು ಬರೆಯುತ್ತಿಲ್ಲ, ಏಕೆಂದರೆ ಅದು ಸಂಸತ್ತಿನ ಕೆಲಸ. ಆದರೆ ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೊಲೀಸ್ ರಾಜ್ಯದ ವಿಷಯ. ಇರುವ ಕಾಯ್ದೆಯೊಳಗೇ ಯಾರ ಬೆನ್ನು ಹತ್ತಬೇಕು, ಯಾರಿಗೆ ನೋಟಿಸ್ ಕೊಟ್ಟು ಕಳಿಸಬೇಕು ಎಂದು ಸೂಚಿಸುವ ಅಧಿಕಾರ ತಮ್ಮ ಇಲಾಖೆಗಿದೆ. ಆ ಅಧಿಕಾರವನ್ನು ಬಳಸಿ ಎಂಬುದಷ್ಟೇ ನನ್ನ ಕೋರಿಕೆ.

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇವನೆಗೆ ಇರುವ ಶಿಕ್ಷೆ ಹೆಚ್ಚೆಂದರೆ 6 ತಿಂಗಳ ಜೈಲು, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಇಟ್ಟುಕೊಂಡು ಸಿಕ್ಕಿದರೆ 20ನೇ ಕಲಂ. 2001ರ ಅಧಿಸೂಚನೆಯ ಪ್ರಕಾರ 1 ಕೆ.ಜಿ. ವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ಅದಕ್ಕೆ 1 ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ವಾಣಿಜ್ಯ ಪ್ರಮಾಣ ಆರಂಭವಾಗುವುದು 20 ಕೆ.ಜಿ. ಮೀರಿದಾಗ, ಅಲ್ಲಿ ಕನಿಷ್ಠ ಶಿಕ್ಷೆಯೇ 10 ವರ್ಷ. ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟುಕೊಂಡ ಕಾಲೇಜು ಹುಡುಗನೂ, ಮುಕ್ಕಾಲು ಕೆ.ಜಿ.ಯನ್ನು ನೂರಾರು ಪೊಟ್ಟಣ ಕಟ್ಟಿ ಮಾರಲು ಹೊರಟವನೂ ಇದೇ ಅಲ್ಪ ಪ್ರಮಾಣದ ಕಂಸದೊಳಗೆ ಬರುತ್ತಾರೆ. ಹೀಗಾಗಿ ಇಬ್ಬರನ್ನೂ ಬೇರ್ಪಡಿಸಿ ನೋಡುವ ಹೊಣೆ ಕಾಯ್ದೆಯಿಂದ ಜಾರಿಕೊಂಡು ತನಿಖಾಧಿಕಾರಿಯ ಮೇಲೆ ಬಿದ್ದಿದೆ. ಆ ಹೊಣೆಯನ್ನು ಹೇಗೆ ನಿಭಾಯಿಸಬೇಕೆಂದು ಅವರಿಗೆ ಯಾರಾದರೂ ಬರೆದುಕೊಟ್ಟಿದ್ದಾರೆಯೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ.

ಮೂತ್ರ ಪರೀಕ್ಷೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಸೇವನೆಯ ಪ್ರಕರಣ ನಿಂತಿರುವುದೇ ಅದರ ಮೇಲೆ. ಗಾಂಜಾದ ಮುಖ್ಯ ಮಾದಕಾಂಶವಾದ ಟಿಎಚ್‌ಸಿ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಒಮ್ಮೆ ಸೇದಿದವನ ಮೂತ್ರದಲ್ಲಿ ಅದರ ಅವಶೇಷ ಕೆಲವು ದಿನ, ನಿತ್ಯ ಸೇದುವವನಲ್ಲಿ ಹಲವು ವಾರ ಕಾಣಿಸಿಕೊಳ್ಳಬಹುದು. ಆದ್ದರಿಂದ ಮೂತ್ರ ಪರೀಕ್ಷೆಯ ಕಿಟ್‌ನಲ್ಲಿ ಮೂಡುವ ಗೆರೆಯು ಈ ಮನುಷ್ಯ ಹಿಂದೆಂದೋ ಸೇದಿರಬಹುದು ಎನ್ನುತ್ತದೆಯೇ ಹೊರತು ಯಾವತ್ತು, ಎಲ್ಲಿ, ಎಷ್ಟು ಎಂಬುದನ್ನಾಗಲಿ, ಹಿಡಿದ ಗಳಿಗೆಯಲ್ಲಿ ಅವನು ನಶೆಯಲ್ಲಿದ್ದನೇ ಎಂಬುದನ್ನಾಗಲಿ ಹೇಳುವುದಿಲ್ಲ. ಮದ್ಯದ ವಿಷಯದಲ್ಲಿ ಚಾಲಕನ ರಕ್ತದಲ್ಲಿ ಇಂತಿಷ್ಟು ಪ್ರಮಾಣ ಮೀರಿದರೆ ಮಾತ್ರ ಅಪರಾಧ ಎಂಬ ಅಳತೆ ಇದೆ, ಇಲ್ಲಿ ಅಳತೆಯೇ ಇಲ್ಲ. ಕಿಟ್ ಪರೀಕ್ಷೆ ಪ್ರಾಥಮಿಕ ಮಾತ್ರ. ದೃಢೀಕರಣಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು. ಹಾಗಿದ್ದೂ ‘ದೃಢಪಟ್ಟಿದೆ’ ಎಂಬ ಪದ ಪ್ರಯೋಗಾಲಯದ ವರದಿಗೆ ಕಾಯದೆ ಮರುದಿನದ ಪತ್ರಿಕೆಗೆ ಹೋಗಿಬಿಡುತ್ತದೆ.

ಇದಕ್ಕಿಂತ ಮೂಲಭೂತವಾದ ತೊಡಕೊಂದಿದೆ. ಪೊಲೀಸರ ಕೋರಿಕೆಯ ಮೇರೆಗೆ ವೈದ್ಯಕೀಯ ಪರೀಕ್ಷೆ ನಡೆಸಲು ಅವಕಾಶ ಕೊಡುವ, ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಕಲಂ ಮಾತನಾಡುವುದು ಬಂಧಿತನಾದ ವ್ಯಕ್ತಿಯ ಬಗ್ಗೆ. ಮೊದಲು ಅಪರಾಧ ನಡೆದಿದೆ ಎನ್ನಲು ಆಧಾರ, ಆಮೇಲೆ ಬಂಧನ, ಆಮೇಲೆ ಪರೀಕ್ಷೆ; ಇದು ಕಾನೂನಿನ ಅನುಕ್ರಮ. ಬೀದಿಯಲ್ಲಿ ನಿಂತವನನ್ನು ಜೀಪು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದು, ಪರೀಕ್ಷೆಯಲ್ಲಿ ಏನಾದರೂ ಬಂದರೆ ಪ್ರಕರಣ, ಬಾರದಿದ್ದರೆ ಬಿಡುಗಡೆ ಎನ್ನುವುದು ಆ ಅನುಕ್ರಮವನ್ನು ತಲೆಕೆಳಗು ಮಾಡುತ್ತದೆ. ಏನೂ ಬಾರದೆ ಬಿಟ್ಟುಕಳಿಸಿದವರ ಲೆಕ್ಕ ಎಲ್ಲಿಯೂ ದಾಖಲಾಗುವುದಿಲ್ಲ ಎಂಬುದನ್ನೂ ತಾವು ಗಮನಿಸಬೇಕು. ಮೊಬೈಲ್ ತೆಗೆಸಿ ವಾಟ್ಸ್ಆ್ಯಪ್‌ನಲ್ಲಿ ‘ಗಾಂಜಾ’ ಎಂಬ ಪದ ಹುಡುಕುವ ರೂಢಿ 2021ರಲ್ಲಿ ಹೈದರಾಬಾದಿನ ಬೀದಿಗಳಿಂದ ಬಂದ ವಿಡಿಯೊದಿಂದ ದೇಶಕ್ಕೆಲ್ಲ ತಿಳಿಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದ ಮೇಲೂ ಇದು ನಡೆಯಿತು.

ಇನ್ನು ನ್ಯಾಯದ ಮಾತು. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಅಂದಾಜಿನಂತೆ ದೇಶದಲ್ಲಿ ಒಂದು ವರ್ಷದ ಅವಧಿಯಲ್ಲಿ ಗಾಂಜಾ ಅಥವಾ ಚರಸ್ ಬಳಸಿದವರು ಸುಮಾರು 1.3 ಕೋಟಿ. ಇಷ್ಟು ಜನರನ್ನು ಯಾವ ಪೊಲೀಸ್ ಪಡೆಯೂ ಹಿಡಿಯಲಾರದು, ಹಿಡಿದರೆ ಇಡಲು ಜೈಲುಗಳೂ ಇಲ್ಲ. ಎಲ್ಲರನ್ನೂ ಹಿಡಿಯಲಾಗದಿದ್ದಾಗ ಕೆಲವರನ್ನು ಆರಿಸಿ ಹಿಡಿಯಬೇಕಾಗುತ್ತದೆ, ಆ ಆಯ್ಕೆ ನಡೆಯುವುದು ಬೀಟ್ ಪೊಲೀಸರು ಕಾಲಿಡಲು ಸಾಧ್ಯವಿರುವ ಜಾಗಗಳಲ್ಲಿ. ಬಸ್ ನಿಲ್ದಾಣದ ಹಿಂಬದಿ, ಖಾಲಿ ಸೈಟು, ಕೆರೆ ಏರಿ, ಕಾಮಗಾರಿ ನಡೆಯುತ್ತಿರುವ ಕಟ್ಟಡ. ಗೇಟಿನಲ್ಲಿ ಸೆಕ್ಯುರಿಟಿ ಇರುವ ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಯ ಬಾಲ್ಕನಿಯಲ್ಲಿ ಸೇದುವವನು ಅದೇ ಕಾಯ್ದೆಯ ಅದೇ ಕಲಂ ಉಲ್ಲಂಘಿಸುತ್ತಿದ್ದರೂ ಅವನ ಹೆಸರು ಠಾಣೆಯ ಪ್ರಕಟಣೆಯಲ್ಲಿ ಬರುವುದಿಲ್ಲ. ರೇವ್ ಪಾರ್ಟಿ ಎಂಬ ಹೆಸರಿನಲ್ಲಿ ವರ್ಷಕ್ಕೆ ಒಂದೆರಡು ದಾಳಿಗಳು ಟಿವಿಯಲ್ಲಿ ಬಂದು ಈ ಅಸಮತೆಯನ್ನು ಮರೆಸಿಬಿಡುತ್ತವೆ. ಮುಂಬೈನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ 2017 ಮತ್ತು 2018ರ ದಾಖಲೆಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಸಂಸ್ಥೆ ಪರಿಶೀಲಿಸಿದಾಗ, ಹೆಚ್ಚುಕಡಿಮೆ ಎಲ್ಲ ಶಿಕ್ಷೆಗಳೂ ಸಾಗಾಟಕ್ಕಲ್ಲದೆ ಸ್ವಂತ ಸೇವನೆಗೆ ಸಂಬಂಧಿಸಿದ್ದವು, ಅವುಗಳಲ್ಲಿ ಬಹುಪಾಲು ಗಾಂಜಾದವು ಎಂಬುದು ಹೊರಬಂತು. ಶಿಕ್ಷೆಗೊಳಗಾದವರಲ್ಲಿ ಹೆಚ್ಚಿನವರು ಕೊಳೆಗೇರಿ ಮತ್ತು ಬೀದಿಬದಿಯಲ್ಲಿ ಬದುಕುವವರು. ನಮ್ಮ ನ್ಯಾಯಾಲಯಗಳ ಕಟಕಟೆಯಲ್ಲಿ ನಾನು ಕಾಣುವ ಗಾರೆ ಕೆಲಸದವರು, ಹಮಾಲರು, ಮೆಕ್ಯಾನಿಕ್ ಹುಡುಗರನ್ನು ನೋಡಿದರೆ ಕರ್ನಾಟಕದಲ್ಲಿ ಇಂಥದೇ ಅಧ್ಯಯನ ಮಾಡಿಸಿದರೆ ಬೇರೆ ಉತ್ತರ ಬಂದೀತು ಎಂದು ನನಗನ್ನಿಸುವುದಿಲ್ಲ.

ಅವರಲ್ಲಿ ಹೆಚ್ಚಿನವರು ತಪ್ಪೊಪ್ಪಿಕೊಳ್ಳುತ್ತಾರೆ. ವಾದ ಮಾಡಿದರೆ ಪ್ರತಿ ಹಾಜರಾತಿಗೂ ಒಂದು ದಿನದ ಕೂಲಿ ಹೋಗುತ್ತದೆ, ತಪ್ಪಿಸಿಕೊಂಡರೆ ವಾರಂಟ್ ಬರುತ್ತದೆ. ದಂಡ ಕಟ್ಟಿ ಮುಗಿಸಿಕೊಳ್ಳುವುದೇ ಅಗ್ಗ ಎಂಬುದು ಅವರ ಲೆಕ್ಕಾಚಾರ, ಅದು ತಪ್ಪೆಂದು ಹೇಳಲು ನನ್ನಿಂದಾಗುವುದಿಲ್ಲ. ಆದರೆ ಆ ತಪ್ಪೊಪ್ಪಿಗೆ ಕ್ರಿಮಿನಲ್ ಕಾಯ್ದೆಯಡಿ ಶಿಕ್ಷೆಯಾದ ದಾಖಲೆಯಾಗಿ ಉಳಿಯುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ, ಸರ್ಕಾರಿ ನೌಕರಿಗೆ ಆಯ್ಕೆಯಾಗಿ ಪೂರ್ವಾಪರ ಪರಿಶೀಲನೆಗೆ ಬಂದಾಗ, ಕಂಪನಿಯೊಂದು ಪೊಲೀಸ್ ವೆರಿಫಿಕೇಷನ್ ಕೇಳಿದಾಗ ಅದು ಎದುರಾಗುತ್ತದೆ. ನ್ಯಾಯಾಧೀಶರು ಕೊಟ್ಟ ಶಿಕ್ಷೆಗಿಂತ ದೊಡ್ಡದಾದ ಈ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಬರೆದಿರುವುದಿಲ್ಲ.

ಖರ್ಚಿನ ವಿಚಾರಕ್ಕೆ ಬರುತ್ತೇನೆ. ಒಂದು ಸೇವನೆ ಪ್ರಕರಣಕ್ಕೆ ಇಬ್ಬರು ಕಾನ್‌ಸ್ಟೆಬಲ್‌ಗಳ ಅರ್ಧ ರಾತ್ರಿ, ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಅಪಘಾತದ ಗಾಯಾಳುಗಳ ನಡುವೆ ವೈದ್ಯಾಧಿಕಾರಿಯ ಸಮಯ, ಠಾಣಾಧಿಕಾರಿಯ ಎಫ್‌ಐಆರ್, ಪ್ರಯೋಗಾಲಯಕ್ಕೆ ಮಾದರಿ, ದೋಷಾರೋಪಣ ಪಟ್ಟಿ, ಸಮನ್ಸ್, ಸರ್ಕಾರಿ ಅಭಿಯೋಜಕರ ಮತ್ತು ನ್ಯಾಯಾಲಯದ ಗಂಟೆಗಳು ಬೇಕು. ಇದರ ಕೊನೆಯಲ್ಲಿ ಖಜಾನೆಗೆ ಬರುವುದು ಕೆಲವು ಸಾವಿರ ರೂಪಾಯಿ ದಂಡ. ಅದೇ ಅವಧಿಯಲ್ಲಿ ಆಂಧ್ರ-ಒಡಿಶಾ ಗಡಿಯ ಗುಡ್ಡಗಳಿಂದ ಲಾರಿ, ರೈಲುಗಳಲ್ಲಿ ಬೆಂಗಳೂರಿಗೆ ಹೊರಟ ಸರಕು ತನ್ನ ಪಾಡಿಗೆ ತಾನು ಬರುತ್ತಿರುತ್ತದೆ. ಸಾಗಾಟದ ಪ್ರಕರಣ ಕಟ್ಟುವುದು ಕಷ್ಟದ ಕೆಲಸ. ಎನ್‌ಡಿಪಿಎಸ್ ಕಾಯ್ದೆಯ 42ನೇ ಕಲಂ ಪ್ರಕಾರ ಮಾಹಿತಿಯನ್ನು ಬರಹದಲ್ಲಿ ದಾಖಲಿಸಿ ಮೇಲಧಿಕಾರಿಗೆ ಕಳಿಸಬೇಕು, ಮೈ ತಪಾಸಣೆಗೆ ಮುನ್ನ ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆಗೊಳಗಾಗುವ ಹಕ್ಕಿದೆ ಎಂದು 50ನೇ ಕಲಂ ಪ್ರಕಾರ ತಿಳಿಸಬೇಕು, 52-ಎ ಪ್ರಕಾರ ಮ್ಯಾಜಿಸ್ಟ್ರೇಟರ ಸಮಕ್ಷಮ ಮಾದರಿ ತೆಗೆಯಬೇಕು. ಒಂದರಲ್ಲಿ ಎಡವಿದರೂ ಖುಲಾಸೆಗೆ ದಾರಿಯಾಗಬಹುದು. ಸೇವನೆಯ ಪ್ರಕರಣಕ್ಕೆ ಈ ತಾಪತ್ರಯವಿಲ್ಲ, ಆರೋಪಿಯ ದೇಹವೇ ಸಾಕ್ಷ್ಯ. ಮೇಲಿನಿಂದ ಪ್ರಕರಣಗಳ ಸಂಖ್ಯೆ ಕೇಳಿದಾಗ ಠಾಣೆಯವರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಊಹಿಸುವುದು ಕಷ್ಟವಲ್ಲ, ಅದಕ್ಕಾಗಿ ಅವರನ್ನು ದೂರುವುದೂ ಸರಿಯಲ್ಲ.

ಆದ್ದರಿಂದಲೇ ಸದನದಲ್ಲಿ ತಾವು ಮಾದಕ ವಸ್ತು ಪ್ರಕರಣಗಳ ಅಂಕಿ ಅಂಶ ಮಂಡಿಸುವಾಗ ಅದರಲ್ಲಿ 27ನೇ ಕಲಂ ಒಂದರಡಿಯೇ ದಾಖಲಾದವು ಎಷ್ಟು, ಅಲ್ಪ ಪ್ರಮಾಣದವು ಎಷ್ಟು, ವಾಣಿಜ್ಯ ಪ್ರಮಾಣದವು ಎಷ್ಟು, ಪ್ರತಿಯೊಂದರಲ್ಲಿ ಶಿಕ್ಷೆಯಾದದ್ದು ಎಷ್ಟು ಎಂದು ಜಿಲ್ಲಾವಾರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸ್ವಂತ ಬಳಕೆ ಮತ್ತು ಸಾಗಾಟವನ್ನು ಬೇರೆಬೇರೆಯಾಗಿಯೇ ಪ್ರಕಟಿಸುತ್ತದೆ; ರಾಜ್ಯಕ್ಕೆ ಅದು ಅಸಾಧ್ಯವಾಗಲಾರದು.

ಗಾಂಜಾ ನಿರಪಾಯಕಾರಿ ಎಂದು ನಾನು ವಾದಿಸುತ್ತಿಲ್ಲ. ಹದಿಹರೆಯದಲ್ಲಿ ಶುರುಮಾಡಿ ನಿತ್ಯ ಸೇದುವವರಲ್ಲಿ ಮನೋವಿಕಾರದ ಅಪಾಯ ಹೆಚ್ಚು ಎಂಬುದಕ್ಕೆ ವೈದ್ಯಕೀಯ ಆಧಾರವಿದೆ, ಮನೆಯಲ್ಲಿ ಅಂಥ ಮಗನಿರುವ ತಾಯಂದಿರು ನನ್ನ ಕಚೇರಿಗೂ ಬರುತ್ತಾರೆ. ಆದರೆ ಅವರು ಕೇಳುವುದು ವೈದ್ಯರನ್ನು. ಇನ್ನೊಂದು ಕಡೆ, ಅದೇ ಏಮ್ಸ್ ವರದಿಯಂತೆ ಮದ್ಯ ಬಳಸುವವರು ದೇಶದಲ್ಲಿ ಸುಮಾರು 16 ಕೋಟಿ, ನಮ್ಮ ರಾಜ್ಯ 2025-26ರ ಬಜೆಟ್‌ನಲ್ಲಿ ಅಬಕಾರಿಗೆ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಯಲ್ಲಿ ಬಾಟಲಿ ಕೊಂಡವನು ಗ್ರಾಹಕ, ಬೀಡಿಯಲ್ಲಿ ಸೊಪ್ಪು ತುಂಬಿಕೊಂಡವನು ಆರೋಪಿ. ಅದೇ ಗಿಡದ ಹೂತುದಿಯಿಲ್ಲದ ಬರಿ ಎಲೆ ಕಾಯ್ದೆಯ ಗಾಂಜಾ ವ್ಯಾಖ್ಯೆಗೆ ಸೇರುವುದೇ ಇಲ್ಲ. ಆ ಎಲೆಯಿಂದ ಮಾಡುವ ಭಂಗ್ ಈ ಕಾಯ್ದೆಯಡಿ ನಿಷಿದ್ಧವೆಂದು ಎಲ್ಲಿಯೂ ಹೇಳಿಲ್ಲ ಎಂದು ನಮ್ಮ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಹೇಳಿತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ, ಉತ್ತರ ಕರ್ನಾಟಕದ ಅವಧೂತ, ಆರೂಢ ಪರಂಪರೆಯ ಕೆಲವು ನೆಲೆಗಳಲ್ಲಿ ಈ ಸೊಪ್ಪಿಗೆ ಇರುವ ಸ್ಥಾನ ತಮಗೆ ತಿಳಿಯದ್ದೇನಲ್ಲ. ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹೆಂಪ್ ಡ್ರಗ್ಸ್ ಆಯೋಗ 1894ರಲ್ಲೇ ಪೂರ್ಣ ನಿಷೇಧ ಬೇಡ ಎಂದು ಶಿಫಾರಸು ಮಾಡಿತ್ತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗವು ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಾಗ ಭಾರತ ಅದರ ಪರವಾಗಿ ಮತ ಹಾಕಿತು.

ತಮ್ಮ ಇಲಾಖೆ ನಾಳೆಯೇ ಮಾಡಬಹುದಾದದ್ದು ಒಂದು ಸುತ್ತೋಲೆ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ, ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ನೋಟಿಸಿನ ದಾರಿಯನ್ನು ಕೊಟ್ಟಿದೆ. ಆರು ತಿಂಗಳ ಶಿಕ್ಷೆಯ ಅಪರಾಧಕ್ಕೆ ನೋಟಿಸೇ ನಿಯಮ, ಬಂಧನಕ್ಕೆ ಲಿಖಿತ ಕಾರಣ ಬೇಕು ಎಂದು ಠಾಣೆಗಳಿಗೆ ತಿಳಿಸಬಹುದು. ಗಾಂಜಾ ವಶವಾಗದೆ, ಬೇರೆ ಆಧಾರವಿಲ್ಲದೆ ಯಾರನ್ನೂ ಮೂತ್ರ ಪರೀಕ್ಷೆಗೆ ಕರೆದೊಯ್ಯಬಾರದು, ಮೊಬೈಲ್ ತೆರೆಸಬಾರದು, ಸೇವನೆಯ ಆರೋಪಿಯ ಹೆಸರನ್ನು ಪತ್ರಿಕೆಗೆ ಕೊಡಬಾರದು ಎಂದು ಅದರಲ್ಲೇ ಸೇರಿಸಬಹುದು.

ಅದಕ್ಕಿಂತ ಮುಖ್ಯವಾದದ್ದು ಎನ್‌ಡಿಪಿಎಸ್ ಕಾಯ್ದೆಯ 64-ಎ ಕಲಂ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು ಎನ್ನುವ ಈ ಕಲಂ ಬಗ್ಗೆ ಹಿಡಿದಾಗ ಪೊಲೀಸರಿಂದ ಕೇಳಿದ ಒಬ್ಬ ಕಕ್ಷಿದಾರನನ್ನೂ ನಾನು ಕಂಡಿಲ್ಲ. ಚಟ ಹತ್ತಿದವನಿಗೆ ಮಾತ್ರ ಈ ರಕ್ಷಣೆ, ಒಮ್ಮೆ ಸೇದಿ ಸಿಕ್ಕಿಬಿದ್ದವನಿಗೆ ಇಲ್ಲ ಎಂಬುದು ಕಾಯ್ದೆಯ ವಿಚಿತ್ರ. ಅದನ್ನು ಸರಿಪಡಿಸುವಂತೆ ಕೇಂದ್ರಕ್ಕೆ ಬರೆಯಲು ರಾಜ್ಯಕ್ಕೆ ಅಡ್ಡಿಯಿಲ್ಲ. ಅಲ್ಲಿಯವರೆಗೆ, ನೋಟಿಸಿನ ಜೊತೆಗೆ 64-ಎ ಹಕ್ಕಿನ ವಿವರ, ಹತ್ತಿರದ ಚಿಕಿತ್ಸಾ ಕೇಂದ್ರದ ವಿಳಾಸ, ಕಾನೂನು ಸೇವಾ ಪ್ರಾಧಿಕಾರದ ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡುವಂತೆ ಆದೇಶಿಸಿ. ನಿಮ್ಹಾನ್ಸ್‌ನಂಥ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಜಿಲ್ಲಾಸ್ಪತ್ರೆಗಳ ಮನೋವೈದ್ಯರಿಗೆ ಈ ಕೆಲಸದಲ್ಲಿ ತರಬೇತಿ ಕೊಡಿಸಲು ಆರೋಗ್ಯ ಸಚಿವರೊಡನೆ ತಾವು ಮಾತನಾಡಬೇಕೆಂದು ವಿನಂತಿಸುತ್ತೇನೆ. ಪ್ರತಿ ವರ್ಷ ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನದಲ್ಲಿ ಪೊಲೀಸರು ವಶಪಡಿಸಿಕೊಂಡ ಸರಕಿನ ತೂಕವನ್ನು ಜನರಿಗೆ ತಿಳಿಸುತ್ತಾರೆ. ಮುಂದಿನ ಜೂನ್ 26ಕ್ಕೆ ಆ ತೂಕದ ಪಕ್ಕದಲ್ಲಿ 64-ಎ ಅಡಿ ಚಿಕಿತ್ಸೆಗೆ ಹೋದವರ ಸಂಖ್ಯೆಯನ್ನೂ, ಜಿಲ್ಲಾವಾರು, ಪ್ರಕಟಿಸುವಂತೆ ಸೂಚಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ವಕೀಲ